ತೊಟ್ಟಿಯ ಗಾರೆ ಏಕೆ ಕಳಚುತ್ತದೆ?

ಹರಿಯುವ ನೀರು ಬಂಡೆಯನ್ನೂ ಸವೆಸಬಲ್ಲುದೆಂಬುದನ್ನು ಮಲೆನಾಡಿನವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಆದರೆ ಅಲುಗಾಡದೆ ನಿಂತ ನೀರು ಕೂಡ ತನ್ನನ್ನು ಹಿಡಿದಿಟ್ಟಿರುವ ಗೋಡೆಯನ್ನು ಮೆಲ್ಲಮೆಲ್ಲನೆ ಕರಗಿಸುತ್ತಿರುತ್ತದೆ ಎಂಬುದು ಅಷ್ಟು ಸುಲಭವಾಗಿ ನಮ್ಮ ಗಮನಕ್ಕೆ ಬರುವುದಿಲ್ಲ.

ಶಿವಮೊಗ್ಗದ ರವೀಂದ್ರನಗರದಂಥ ಬಡಾವಣೆಗಳಲ್ಲಿ ಮನೆಯಂಗಳದ ನೆಲದಡಿ ನೀರಿನ ತೊಟ್ಟಿಯೊಂದು ಇರುವುದು ಸಾಮಾನ್ಯ. ಜನರು ಅದನ್ನು ‘ಸಂಪು’ ಎನ್ನುತ್ತಾರೆ. ಕಟ್ಟಿಸಿದ ಹಲವು ವರ್ಷಗಳ ಮೇಲೆ ಅದರ ಒಳಗೋಡೆಯನ್ನು ಉಜ್ಜಿದರೆ ಗಾರೆ ಮರಳುಮರಳಾಗಿ ಕೈಗೆ ಬರುವುದುಂಟು. ಅಲ್ಲಲ್ಲಿ ಚಕ್ಕೆಗಳು ಎದ್ದಿರುವುದೂ ಉಂಟು. ಮನೆಯವರು ಮೇಸ್ತ್ರಿಯನ್ನು ಕರೆಸಿ ತೇಪೆ ಹಾಕಿಸುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ತೇಪೆಯೇ ಕಳಚಿ ಬೀಳುತ್ತದೆ. ಇದು ನೀರು ಪೋಲಾಗುವ ಪ್ರಶ್ನೆ ಮಾತ್ರವಲ್ಲ. ಬಿರುಕಿನ ಮೂಲಕ ಹೊರಕ್ಕೆ ಹೋಗುವ ನೀರು ಸಮಯ ಬಂದಾಗ ಒಳಕ್ಕೂ ನುಗ್ಗಬಲ್ಲುದು. ಹೊರಗಿನ ಮಣ್ಣಿನಲ್ಲಿ ಚರಂಡಿಯ ನೀರು ಬೆರೆತಿದ್ದರೆ ಅದು ಕುಡಿಯುವ ನೀರನ್ನು ಸೇರುವುದು. ಆದುದರಿಂದ ಗಾರೆ ಕಳಚುವ ಕಾರಣವನ್ನು ತಿಳಿಯುವುದು ಅಗತ್ಯ.

ಸಿಮೆಂಟಿನ ಗಟ್ಟಿತನ

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂಬ ಭಾವನೆ ಬಹಳ ಜನರಲ್ಲಿದೆ. ಇದು ಸರಿಯಲ್ಲ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬವನು ಪೋರ್ಟ್‌ಲೆಂಡ್ ಸಿಮೆಂಟೆಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆದನು. ಸಿಮೆಂಟಿನ ವಿಶೇಷವೇ ಅದು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುವುದು. ಹೀಗೆ ಕೂಡಿದಾಗ ಎರಡು ವಸ್ತುಗಳು ಹುಟ್ಟುತ್ತವೆ. ಮೊದಲನೆಯದು ಮರಳಿನ ಕಣಗಳನ್ನು ಬಿಗಿಯಾಗಿ ಹಿಡಿಯುವ ಅಂಟು. ಗಾರೆಯ ಬಲವೆಲ್ಲ ಇದರದು. ಎರಡನೆಯದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನಮ್ಮೆಲ್ಲರಿಗೂ ಪರಿಚಿತವಾದ ಅರಳಿದ ಸುಣ್ಣ. ಗಾರೆಯ ದೌರ್ಬಲ್ಯ ಇರುವುದು ಈ ಸುಣ್ಣದಲ್ಲಿಯೇ. ಅದು ಒಂದು ಲೀಟರ್ ಶುದ್ಧ ನೀರಿನಲ್ಲಿ ಒಂದೂವರೆ ಗ್ರಾಂಗಿಂತ ತುಸು ಹೆಚ್ಚಾಗಿಯೇ ಕರಗುತ್ತದೆ.

ಸುಣ್ಣಕ್ಕೆ ಹಸಿದ ನೀರು

ಶಾಲೆಯಲ್ಲಿ ಮಾಡಿದ ಒಂದು ಪ್ರಯೋಗವನ್ನು ವಾಚಕರು ನೆನೆಯಲಿ. ತಿಳಿಯಾದ ಸುಣ್ಣದ ನೀರಿಗೆ ಇಂಗಾಲದ ಡೈಆಕ್ಸೈಡನ್ನು ಹಾಯಿಸಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಇನ್ನೂ ಹಾಯಿಸುತ್ತಲೇ ಇದ್ದರೆ ಮತ್ತೆ ತಿಳಿಯಾಗುತ್ತದೆ. ಮೊದಲು ಹುಟ್ಟಿದ ಕ್ಯಾಲ್ಸಿಯಂ ಕಾರ್ಬೊನೇಟು ನೀರಿನಲ್ಲಿ ಕರಗದು. ಆದರೆ ಇಂಗಾಲದ ಡೈಆಕ್ಸೈಡು ಹೆಚ್ಚಾದಾಗ ಅದು ಬೈಕಾರ್ಬೊನೇಟಾಗಿ ಮಾರ್ಪಟ್ಟು ಕರಗಿಹೋಗುತ್ತದೆ. ತೊಟ್ಟಿಯ ಗೋಡೆಯ ಮೇಲೆ ವರ್ಷಗಟ್ಟಲೆ ನಿಧಾನವಾಗಿ ನಡೆಯುವುದೂ ಇದೇ ಕ್ರಿಯೆ.

ನೀರಿನಲ್ಲಿ ಸುಣ್ಣದ ಅಂಶ ಈಗಾಗಲೇ ತುಂಬಿದ್ದರೆ ಅದು ಗೋಡೆಯಿಂದ ಹೆಚ್ಚೇನೂ ಕಸಿಯುವುದಿಲ್ಲ. ಮಳೆಯ ನೀರು ಹಾಗಲ್ಲ. ಅದರಲ್ಲಿ ಸುಣ್ಣವಿಲ್ಲ, ಗಾಳಿಯಿಂದ ಹೀರಿದ ಇಂಗಾಲದ ಡೈಆಕ್ಸೈಡು ಮಾತ್ರ ಇದೆ. ಮಲೆನಾಡಿನ ಹೊಳೆಗಳ ನೀರೂ ಸಾಮಾನ್ಯವಾಗಿ ಮೃದುವೇ. ತುಂಗಾ ಪಾನ, ಗಂಗಾ ಸ್ನಾನ ಎಂದು ನಮ್ಮವರು ಹೊಗಳಿದ್ದಾರೆ. ಆದರೆ ನಾಲಗೆಗೆ ಸಿಹಿಯಾದ ಮೃದು ನೀರು ಗಾರೆಗೆ ಹಿತವಾದುದಲ್ಲ. ಸುಣ್ಣ ಕರಗಿಹೋದ ಕಡೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಅವುಗಳ ಮೂಲಕ ನೀರು ಇನ್ನೂ ಆಳಕ್ಕೆ ಇಳಿದು ಅಲ್ಲಿಯ ಸುಣ್ಣವನ್ನೂ ಒಯ್ಯುತ್ತದೆ. ಕೊನೆಗೆ ಉಳಿಯುವುದು ಅಂಟಿಲ್ಲದ ಮರಳು.

ನೀರಿನ ಈ ಹಸಿವನ್ನು ಅಳೆಯುವ ಸೂತ್ರವೊಂದನ್ನು ಅಮೆರಿಕದ ಲಾಂಜಲಿಯರ್ ಎಂಬ ವಿಜ್ಞಾನಿ 1936ರಲ್ಲಿ ಪ್ರಕಟಿಸಿದನು. ಈಜುಕೊಳಗಳನ್ನು ನೋಡಿಕೊಳ್ಳುವವರು ಇಂದಿಗೂ ಅದನ್ನು ಬಳಸಿ, ನೀರಿಗೆ ತಕ್ಕಷ್ಟು ಕ್ಯಾಲ್ಸಿಯಂ ಲವಣ ಸೇರಿಸಿ ಗಾರೆಯನ್ನು ಕಾಪಾಡುತ್ತಾರೆ.

ಕುಡಿಯುವ ನೀರಿನ ತೊಟ್ಟಿಯಲ್ಲಿ ಸುಲಭವಾದ ದಾರಿ ಇನ್ನೊಂದು: ಸುಣ್ಣವನ್ನೇ ಕಟ್ಟಿಹಾಕುವುದು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯಲ್ಲಿ ಸುಣ್ಣದೊಡನೆ ಸುರ್ಕಿಯನ್ನು, ಅಂದರೆ ಸುಟ್ಟ ಇಟ್ಟಿಗೆಯ ಪುಡಿಯನ್ನು, ಬೆರೆಸಿದ ಗಾರೆಯನ್ನು ಬಳಸಿದರು. ಸುರ್ಕಿಯಲ್ಲಿರುವ ಸಿಲಿಕ ಸುಣ್ಣದೊಡನೆ ಕೂಡಿ, ನೀರಿಗೆ ಸುಲಭವಾಗಿ ಕರಗದ ಅಂಟನ್ನು ಕೊಡುತ್ತದೆ. ಭದ್ರಾವತಿಯಲ್ಲಿ 1923ರಲ್ಲಿ ಉರಿಯತೊಡಗಿದಂಥ ಊದುಕುಲುಮೆಗಳಿಂದ ಹೊರಬೀಳುವ ಕಿಟ್ಟವನ್ನು ಥಟ್ಟನೆ ತಣಿಸಿ ನುಣ್ಣಗೆ ಅರೆದರೆ ಅದಕ್ಕೂ ಇಂಥದೇ ಗುಣವಿರುತ್ತದೆ. ಕಿಟ್ಟ ಅಥವಾ ಹಾರುಬೂದಿ ಬೆರೆತ ಸಿಮೆಂಟು ಇಂದು ಅಂಗಡಿಗಳಲ್ಲಿ ದೊರೆಯುತ್ತದೆ. ತೊಟ್ಟಿಯ ಕೆಲಸಕ್ಕೆ ಅದೇ ಹೆಚ್ಚು ಯೋಗ್ಯ.

ಹೊರಗಿನ ಒತ್ತಡ

ತೊಟ್ಟಿ ತುಂಬಿರುವಾಗ ನೀರು ಗಾರೆಯನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಮಳೆಗಾಲದಲ್ಲಿ ಸುತ್ತಲ ಮಣ್ಣು ನೀರುಂಡು ನಿಂತಿರುವಾಗ ತೊಟ್ಟಿಯನ್ನು ಬರಿದು ಮಾಡಿದರೆ ಪರಿಸ್ಥಿತಿ ತಿರುಗುಮುರುಗಾಗುತ್ತದೆ. ಹೊರಗಿನ ನೀರಿನ ಮಟ್ಟ ತಳಕ್ಕಿಂತ ಒಂದೂವರೆ ಮೀಟರ್ ಮೇಲಿದ್ದರೆ, ತಳದ ಒಂದೊಂದು ಚದರ ಮೀಟರಿನ ಮೇಲೂ ಸುಮಾರು 1,500 ಕಿಲೋಗ್ರಾಂ ತೂಕದಷ್ಟು ಒತ್ತಡ ಮೇಲ್ಮುಖವಾಗಿ ಬೀಳುತ್ತದೆ. ರಂಧ್ರಗಳ ಮೂಲಕ ಬಂದ ಆ ಒತ್ತಡ ಗಾರೆಯನ್ನು ಬೆನ್ನಿನಿಂದ ತಳ್ಳುತ್ತದೆ. ಖಾಲಿಯಾದ ಈಜುಕೊಳಗಳು ದೋಣಿಯಂತೆ ನೆಲದಿಂದ ಮೇಲೆದ್ದುದೂ ಉಂಟು. ಆರ್ಕಿಮಿಡೀಸನ ತತ್ತ್ವ ಅಲ್ಲಿಯೂ ತಪ್ಪದು. ಆದುದರಿಂದ ದುರಸ್ತಿಗೆ ಬೇಸಗೆಯೇ ತಕ್ಕ ಕಾಲ.

ದುರಸ್ತಿಯ ಕ್ರಮ

ಮೊದಲು ಸೋರಿಕೆಯನ್ನು ಅಳೆಯಬೇಕು. ಒಳಬರುವ ಮತ್ತು ಹೊರಹೋಗುವ ನೀರನ್ನು ನಿಲ್ಲಿಸಿ, ಮಟ್ಟವನ್ನು ಗುರುತುಮಾಡಿ, ಒಂದು ದಿನ ಬಿಡಿ. ಮುಚ್ಚಿದ ತೊಟ್ಟಿಯಲ್ಲಿ ಆವಿಯಾಗುವ ನೀರು ತೀರ ಅಲ್ಪ. ಎರಡು ಮೀಟರ್ ಅಗಲ, ಎರಡೂವರೆ ಮೀಟರ್ ಉದ್ದದ ತೊಟ್ಟಿಯಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 50 ಲೀಟರ್ ನೀರು ಹೋಗಿದೆ ಎಂದರ್ಥ. ಇಳಿಯುತ್ತಿದ್ದ ನೀರು ಒಂದೆಡೆ ನಿಂತುಬಿಟ್ಟರೆ ಬಿರುಕನ್ನು ಆ ಮಟ್ಟದ ಸುತ್ತಮುತ್ತ, ಅಥವಾ ಅದಕ್ಕೆ ಮೇಲೆ, ಹುಡುಕಬೇಕು.

ತೊಟ್ಟಿಗೆ ಇಳಿಯುವ ಮುನ್ನ ಎಚ್ಚರ ಅಗತ್ಯ. ಬಹುಕಾಲ ಮುಚ್ಚಿದ್ದ ತೊಟ್ಟಿಯಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು. ಹೀಗೆ ಇಳಿದವರೂ, ಅವರನ್ನು ಎತ್ತಲು ಇಳಿದವರೂ ಪ್ರಾಣ ಕಳೆದುಕೊಂಡಿದ್ದಾರೆ. ದೀಪ ಇಳಿಸಿ ನೋಡುವ ಪದ್ಧತಿಯನ್ನು ನಂಬುವಂತಿಲ್ಲ. ಗಾಳಿಯಲ್ಲಿ ಶೇಕಡಾ 21ರಷ್ಟಿರುವ ಆಮ್ಲಜನಕ ಸುಮಾರು 16ಕ್ಕೆ ಇಳಿದಾಗ ದೀಪ ಆರುತ್ತದೆ. ಮನುಷ್ಯನ ವಿವೇಚನೆ ಅದಕ್ಕೂ ಮೊದಲೇ ಮಂಕಾಗಬಹುದು. ಮುಚ್ಚಳ ತೆಗೆದು ಬಹಳ ಹೊತ್ತು ಫ್ಯಾನಿನಿಂದ ಗಾಳಿ ಹಾಯಿಸಬೇಕು. ಇಳಿಯುವವನ ಸೊಂಟಕ್ಕೆ ಹಗ್ಗವಿರಬೇಕು, ಮೇಲೆ ಕಾವಲಿಗೆ ಜನರಿರಬೇಕು.

ಇನ್ನು ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ತಟ್ಟುತ್ತ ಹೋಗಬೇಕು. ಗಟ್ಟಿಯಾಗಿ ಅಂಟಿದ ಗಾರೆ ಖಣಿಲೆನ್ನುತ್ತದೆ. ಗೋಡೆಯನ್ನು ಬಿಟ್ಟ ಗಾರೆ ಡೋಲಿನ ಚರ್ಮದಂತೆ ಕಂಪಿಸಿ ಪೊಳ್ಳು ಸದ್ದು ಕೊಡುತ್ತದೆ. ಪೊಳ್ಳಾದ ಭಾಗವನ್ನೆಲ್ಲ ಉಳಿಯಿಂದ ಕೆತ್ತಿ ತೆಗೆಯಬೇಕು. ಅಂಚುಗಳು ಇಳಿಜಾರಾಗದೆ ನೇರವಾಗಿರಲಿ. ತೆಳ್ಳನೆಯ ಅಂಚು ಮೊದಲು ಸೀಳುತ್ತದೆ.

ಒಣ ಗೋಡೆ ಹೊಸ ಗಾರೆಯ ನೀರನ್ನು ಹೀರಿಬಿಟ್ಟರೆ ಸಿಮೆಂಟಿಗೆ ಕೂಡಲು ನೀರಿಲ್ಲದಂತಾಗುವುದು. ಆದುದರಿಂದ ಕೆತ್ತಿದ ಸ್ಥಳವನ್ನು ತೊಳೆದು ಚೆನ್ನಾಗಿ ನೆನೆಸಬೇಕು. ಆದರೆ ಮೇಲೆ ನೀರು ನಿಂತಿರಬಾರದು. ಬಳಿಕ ಸಿಮೆಂಟಿನ ಹಾಲನ್ನು ಬಳಿದು, ಅದು ಒಣಗುವ ಮೊದಲೇ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಶುದ್ಧ ಮರಳು ಸೇರಿಸಿದ ಗಾರೆಯನ್ನು ಒತ್ತಿ ಹಚ್ಚಬೇಕು. ಸಿಮೆಂಟು ಹೆಚ್ಚಿದಷ್ಟೂ ಭದ್ರ ಎಂಬುದು ತಪ್ಪು ಕಲ್ಪನೆ. ಅಂಥ ಗಾರೆ ಹೆಚ್ಚು ಕುಗ್ಗುತ್ತದೆ. ಹಳೆಯ ಗೋಡೆಯೋ ಕುಗ್ಗುವುದನ್ನು ಎಂದೋ ನಿಲ್ಲಿಸಿದೆ. ತೇಪೆ ಸುತ್ತಲೂ ಬಿರಿಯುವುದು ಇದರಿಂದಲೇ. ಕಲಸುವ ನೀರು ಹೆಚ್ಚಾದರೂ ಕೇಡೇ. ಮಿಕ್ಕ ನೀರು ಆವಿಯಾಗಿ ರಂಧ್ರಗಳನ್ನು ಉಳಿಸುತ್ತದೆ.

ಕೊನೆಯದಾಗಿ, ಹೊಸ ಗಾರೆಯನ್ನು ಒದ್ದೆ ಗೋಣಿತಾಟಿನಿಂದ ಮುಚ್ಚಿ, ಕನಿಷ್ಠ 7 ದಿನ, ಕಿಟ್ಟ ಅಥವಾ ಹಾರುಬೂದಿಯ ಸಿಮೆಂಟಾದರೆ 10 ದಿನ, ಒಣಗದಂತೆ ಕಾಯಬೇಕು. ಮನೆಯಲ್ಲಿ ನೀರಿಗೆ ಅವಸರವೆಂದು ಈ ಅವಧಿಯನ್ನು ಮೊಟಕುಗೊಳಿಸಿದರೆ ಉಳಿದ ಶ್ರಮವೆಲ್ಲ ವ್ಯರ್ಥ. ಮೊದಲು ತುಂಬಿದ ನೀರಿನಲ್ಲಿ ಹೊಸ ಗಾರೆಯ ಸುಣ್ಣ ಕರಗಿರುವುದರಿಂದ ಅದನ್ನು ಕುಡಿಯದೆ ಹೊರಚೆಲ್ಲಬೇಕು. ಎರಡನೆಯ ಸಲ ತುಂಬಿ, ಮತ್ತೆ ಮಟ್ಟವನ್ನು ಗುರುತುಮಾಡಿ, ಒಂದು ದಿನ ಕಾದು ನೋಡಿದರೆ ಕೆಲಸ ಸರಿಯಾಗಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ.