ಒಂದೇ ಎಲೆ, ಹಲವು ಹೆಸರು: ಊಲಾಂಗ್ ಚಹ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹೋಟೆಲುಗಳಲ್ಲಿ ನಾವು ಕೇಳಿ ಕುಡಿಯುವುದು ‘ಚಾ’. ಇಂಗ್ಲಿಷ್ ಪಾಠದಲ್ಲಿ ಓದುವುದು ‘ಟೀ’. ಈ ಎರಡು ಹೆಸರುಗಳೂ ಒಂದೇ ಚೀನೀ ಅಕ್ಷರದಿಂದ ಹುಟ್ಟಿದವು. ಚೀನದ ಬಹುಭಾಗದಲ್ಲಿ ಆ ಅಕ್ಷರವನ್ನು ‘ಚಾ’ ಎಂದೂ, ಫೂಜಿಯನ್ ಪ್ರಾಂತದ ದಕ್ಷಿಣ ಕರಾವಳಿಯಲ್ಲಿ ‘ತೇ’ ಎಂದೂ ಉಚ್ಚರಿಸುವರು. ಡಚ್ ವರ್ತಕರ ಮೂಲಕ ಆ ‘ತೇ’ ಯುರೋಪನ್ನು ಸೇರಿತು. ಊಲಾಂಗ್ ಎಂಬ ಪ್ರಸಿದ್ಧ ಚಹದ ತವರೂ ಅದೇ ಫೂಜಿಯನ್. ಊಲಾಂಗ್ ಎಂದರೆ ‘ಕರಿಯ ಡ್ರ್ಯಾಗನ್’ ಎಂದರ್ಥ.

ಇದು ಬೇರೊಂದು ಜಾತಿಯ ಗಿಡವೆಂದು ತಿಳಿಯಬಾರದು. ಹಸಿರು ಚಹ, ಕಪ್ಪು ಚಹ, ಊಲಾಂಗ್ ಈ ಮೂರೂ ‘ಕಮೆಲಿಯ ಸೈನೆನ್ಸಿಸ್’ ಎಂಬ ಒಂದೇ ಸಸ್ಯದ ಎಲೆಗಳಿಂದ ಆಗುವುವು. ಇದಕ್ಕೆ ನಮ್ಮ ಮನೆಗಳಲ್ಲಿಯೇ ಹೋಲಿಕೆಯುಂಟು. ಒಂದೇ ಭತ್ತವನ್ನು ಬೇಯಿಸಿ, ಒಣಗಿಸಿ ಮಿಲ್ಲಿಗೆ ಹಾಕಿದರೆ ಕುಚ್ಚಲಕ್ಕಿ; ಬೇಯಿಸದೆ ಹಾಕಿದರೆ ಬೆಳ್ತಿಗೆ ಅಕ್ಕಿ. ಬೆಳೆ ಒಂದೇ, ಸಂಸ್ಕರಣ ಬೇರೆ.

ಚಹದ ಎಲೆ ಜಜ್ಜಿದೊಡನೆ ಅದರೊಳಗಿನ ಕಿಣ್ವಗಳು ಕ್ಯಾಟೆಕಿನ್ ಎಂಬ ಪದಾರ್ಥಗಳನ್ನು ಗಾಳಿಯ ಆಮ್ಲಜನಕದೊಡನೆ ಕೂಡಿಸುತ್ತವೆ. ಎಲೆ ಕಂದುಬಣ್ಣಕ್ಕೆ ತಿರುಗುತ್ತದೆ. ಹೆಚ್ಚಿದ ಬದನೆಕಾಯಿ ಕಪ್ಪಾಗುವುದೂ ಇಂತಹ ಕ್ರಿಯೆಯಿಂದಲೇ. ಹಸಿರು ಚಹದಲ್ಲಿ ಎಲೆಯನ್ನು ಮೊದಲೇ ಕಾಯಿಸಿ ಕಿಣ್ವವನ್ನು ನಿಷ್ಕ್ರಿಯಗೊಳಿಸುವರು. ಕಪ್ಪು ಚಹದಲ್ಲಿ ಕ್ರಿಯೆಯನ್ನು ಬಹುಮಟ್ಟಿಗೆ ಪೂರ್ಣಗೊಳ್ಳಲು ಬಿಡುವರು. ಊಲಾಂಗಿನಲ್ಲಾದರೋ ಎಲೆಯನ್ನು ಬಾಡಿಸಿ, ಕುಲುಕಿ, ಅಂಚುಗಳನ್ನು ಮಾತ್ರ ನಲುಗಿಸಿ, ಕ್ರಿಯೆಯನ್ನು ನಡುದಾರಿಯಲ್ಲಿ ಬಿಸಿಯಿಂದ ತಡೆಯುವರು. ಎಲ್ಲಿ ತಡೆಯಬೇಕೆಂಬುದು ಊರಿಂದೂರಿಗೆ ಬೇರೆ. ಆದುದರಿಂದಲೇ ರುಚಿಯೂ ಬೇರೆ, ಹೆಸರೂ ಬೇರೆ.

ಈ ಹೆಸರುಗಳು ತಿಳಿಸುವ ಸಂಗತಿ ಒಂದೇ ಬಗೆಯದಲ್ಲ. ತೈವಾನಿನ ‘ಡೊಂಗ್‌ಡಿಂಗ್’ ಒಂದು ಬೆಟ್ಟದ ಹೆಸರು. ಫೂಜಿಯನ್ನಿನ ಆನ್‌ಶಿ ಸೀಮೆಯ ‘ತಿಯೆಗ್ವಾನ್‌ಯಿನ್’ ಒಬ್ಬ ದೇವತೆಯ ಹೆಸರು. ಗಿಡದ ತಳಿಗೂ ಅದರ ಚಹಕ್ಕೂ ಅದೇ ಹೆಸರಿದೆ. ಗ್ವಾಂಗ್‌ಡಾಂಗಿನ ‘ದಾನ್‌ತ್ಸೊಂಗ್’ ಎಂದರೆ ‘ಒಂಟಿ ಪೊದೆ’. ಅವುಗಳಲ್ಲಿ ಹಲವನ್ನು ಪರಿಮಳದಿಂದ ಗುರುತಿಸುವರು. ತೈವಾನಿನ ‘ಪೂರ್ವದೇಶದ ಸುಂದರಿ’ ಇನ್ನೂ ವಿಚಿತ್ರವಾದುದು: ಜಿಗಿಹುಳು ರಸ ಹೀರಿದ ಎಲೆಗಳಿಂದಲೇ ಅದನ್ನು ಮಾಡುವರು. ಗಿಡವು ಕೀಟದ ಬಾಧೆಗೆ ಪ್ರತಿಯಾಗಿ ಉಂಟುಮಾಡುವ ರಾಸಾಯನಿಕಗಳೇ ಅದಕ್ಕೆ ಜೇನಿನಂತಹ ಕಂಪನ್ನು ಕೊಡುತ್ತವೆ. ನಮ್ಮ ಗದ್ದೆಗಳಲ್ಲಿ ಶತ್ರುಗಳಾದ ಜಿಗಿಹುಳುಗಳ ಸಂಬಂಧಿ ಅಲ್ಲಿ ಉಪಕಾರಿ!

ಹಾಗಾದರೆ ಹೆಸರನ್ನು ಎಷ್ಟು ನಂಬಬಹುದು? ವೂಯಿ ಬೆಟ್ಟದ ‘ದಾ ಹಾಂಗ್ ಪಾವ್’, ಎಂದರೆ ‘ದೊಡ್ಡ ಕೆಂಪು ನಿಲುವಂಗಿ’, ಇದಕ್ಕೆ ತಕ್ಕ ಉದಾಹರಣೆ. ಅದರ ಮೂಲ ಗಿಡಗಳು ಬಂಡೆಯ ಮೇಲೆ ಕೆಲವೇ ಇವೆ. 2006ರಿಂದ ಅವುಗಳ ಎಲೆ ಕೊಯ್ಯುವುದನ್ನು ನಿಲ್ಲಿಸಲಾಗಿದೆ. ಆದರೂ ಆ ಹೆಸರಿನ ಚಹ ಅಂಗಡಿಗಳಲ್ಲಿ ಧಾರಾಳವಾಗಿ ದೊರೆಯುತ್ತದೆ. ಅದರಲ್ಲಿ ಕೆಲವು ಭಾಗ ಮೂಲ ಗಿಡದ ಕಡ್ಡಿ ನೆಟ್ಟು ಬೆಳೆಸಿದ ಸಂತತಿಯದು. ಕೆಲವು ಭಾಗ ಬೇರೆಬೇರೆ ವೂಯಿ ಚಹಗಳ ಮಿಶ್ರಣ. ಹೆಸರು ಒಂದೇ ಆದರೂ ಒಳಗಿನ ವಸ್ತು ಒಂದೇ ಅಲ್ಲ.

ಇಂತಹ ಗೊಂದಲದಿಂದ ನಷ್ಟವಾಗುವುದು ಕೊಳ್ಳುವವನಿಗೆ ಮಾತ್ರವಲ್ಲ, ನಿಜವಾಗಿ ಬೆಳೆದವನಿಗೂ ಹೌದು. ಬೇರೆ ಊರಿನ ಬದನೆಯನ್ನು ‘ಮಟ್ಟುಗುಳ್ಳ’ವೆಂದು ಮಾರಿದರೆ ಮಟ್ಟು ಗ್ರಾಮದ ರೈತನ ಶ್ರಮಕ್ಕೆ ಬೆಲೆಯೆಲ್ಲಿ? ಆದುದರಿಂದಲೇ ಊರಿನ ಹೆಸರುಗಳಿಗೆ ಕಾನೂನಿನ ರಕ್ಷಣೆ ಬೇಕಾಯಿತು. ಭಾರತದಲ್ಲಿ ಇಂತಹ ಭೌಗೋಳಿಕ ಗುರುತನ್ನು 2004ರಲ್ಲಿ ಮೊದಲು ಪಡೆದುದು ಡಾರ್ಜಿಲಿಂಗ್ ಚಹ. ಮಟ್ಟುಗುಳ್ಳಕ್ಕೆ ಅದು 2011ರಲ್ಲಿ ದೊರೆಯಿತು.

ಇನ್ನು ಮುಂದೆ ಚಹದ ಪೊಟ್ಟಣವೊಂದನ್ನು ಕಂಡಾಗ ನೀವು ಮೂರು ಪ್ರಶ್ನೆಗಳನ್ನು ಕೇಳಬಹುದು: ಈ ಹೆಸರು ಹೇಳುತ್ತಿರುವುದು ಊರನ್ನೋ, ತಳಿಯನ್ನೋ, ಸಂಸ್ಕರಣದ ವಿಧಾನವನ್ನೋ? ಅಕ್ಕಿಯ ಅಂಗಡಿಯಲ್ಲಿಯೂ ಇದೇ ಪ್ರಶ್ನೆಗಳು ಉಪಯೋಗಕ್ಕೆ ಬರುವುವು.