ಕರಗುವ ಗುಣ, ಕರಗದ ಗುಣ: ಕ್ಯಾಲ್ಸಿಯಂ ಫಾಸ್ಫೇಟ್‌ಗಳ ಲೋಕ

ಮನುಷ್ಯನ ಎಲುಬು, ಹಸುವಿನ ಹಾಲು, ಹೊಲಕ್ಕೆ ಹಾಕುವ ಸೂಪರ್ ಫಾಸ್ಫೇಟ್ ಗೊಬ್ಬರ, ಔಷಧದ ಮಾತ್ರೆ ಇವುಗಳ ನಡುವೆ ಮೇಲ್ನೋಟಕ್ಕೆ ಯಾವ ನಂಟೂ ಕಾಣದಿದ್ದರೂ, ಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಒಂದೇ ಕುಟುಂಬದ ಸಂಯುಕ್ತಗಳು ಇವೆಲ್ಲವುಗಳಲ್ಲಿ ಸೇರಿಕೊಂಡಿವೆ. ಸುಣ್ಣದ ಮೂಲಧಾತುವಾದ ಕ್ಯಾಲ್ಸಿಯಂ ಹಾಗೂ ರಂಜಕ ಮತ್ತು ಆಮ್ಲಜನಕಗಳಿಂದಾದ ಫಾಸ್ಫೇಟ್ ಘಟಕ ಬೇರೆ ಬೇರೆ ಪ್ರಮಾಣದಲ್ಲಿ ಕೂಡಿದಾಗ ಹುಟ್ಟುವ ಈ ಸಂಯುಕ್ತಗಳಲ್ಲಿ ಕೆಲವು ನೀರಿನಲ್ಲಿ ಸುಲಭವಾಗಿ ಕರಗುತ್ತವೆ, ಕೆಲವು ಬಹುಮಟ್ಟಿಗೆ ಕರಗುವುದೇ ಇಲ್ಲ. ಇವುಗಳ ಉಪಯೋಗವನ್ನು ನಿರ್ಧರಿಸುವುದು ಮುಖ್ಯವಾಗಿ ಈ ವ್ಯತ್ಯಾಸವೇ.

ಫಾಸ್ಫಾರಿಕ್ ಆಮ್ಲದ ಒಂದು ಅಣುವಿನಲ್ಲಿ ಬಿಟ್ಟುಕೊಡಬಹುದಾದ ಮೂರು ಜಲಜನಕ ಪರಮಾಣುಗಳಿವೆ. ಅವುಗಳಲ್ಲಿ ಒಂದರ ಸ್ಥಾನವನ್ನು ಕ್ಯಾಲ್ಸಿಯಂ ಆಕ್ರಮಿಸಿದಾಗ ನೀರಿನಲ್ಲಿ ಚೆನ್ನಾಗಿ ಕರಗುವ ಮಾನೋಕ್ಯಾಲ್ಸಿಯಂ ಫಾಸ್ಫೇಟ್ ದೊರೆಯುತ್ತದೆ; ಎರಡರ ಸ್ಥಾನವನ್ನು ಆಕ್ರಮಿಸಿದಾಗ ಅಲ್ಪವಾಗಿ ಕರಗುವ ಡೈಕ್ಯಾಲ್ಸಿಯಂ ಫಾಸ್ಫೇಟ್, ಮೂರನ್ನೂ ಆಕ್ರಮಿಸಿದಾಗ ಕರಗದ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಆಗುತ್ತದೆ. ಎಲ್ಲಕ್ಕಿಂತ ಸ್ಥಿರವಾದುದು ಹೈಡ್ರಾಕ್ಸಿಅಪಟೈಟ್. ಐದು ಕ್ಯಾಲ್ಸಿಯಂ, ಮೂರು ಫಾಸ್ಫೇಟ್ ಮತ್ತು ಜಲಜನಕ–ಆಮ್ಲಜನಕಗಳ ಜೋಡಿಯಾದ ಒಂದು ಹೈಡ್ರಾಕ್ಸಿಲ್ ಇದರ ಹರಳಿನ ಮೂಲ ಪ್ರಮಾಣ. ಆಮ್ಲ ತಗುಲಿದರೆ ಈ ಗಟ್ಟಿ ಸಂಯುಕ್ತಗಳೂ ಕರಗತೊಡಗುತ್ತವೆ ಎಂಬ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ದೇಹದಲ್ಲಿ, ಕಾರ್ಖಾನೆಯಲ್ಲಿ ಮತ್ತು ಮಣ್ಣಿನಲ್ಲಿ ನಡೆಯುವ ಹಲವು ಕ್ರಿಯೆಗಳು ಅರ್ಥವಾಗುತ್ತವೆ.

ಜರ್ಮನಿಯ ಹ್ಯಾಂಬರ್ಗ್ ನಗರದ ಹೆನ್ನಿಗ್ ಬ್ರಾಂಡ್ 1669ರಲ್ಲಿ ಮೂತ್ರದಿಂದ ರಂಜಕವನ್ನು ಬೇರ್ಪಡಿಸಿದ ಸುಮಾರು ನೂರು ವರ್ಷಗಳ ನಂತರ, ಸ್ವೀಡನ್ನಿನ ವಿಜ್ಞಾನಿಗಳಾದ ಗಾನ್ ಮತ್ತು ಷೀಲೆ ಅವರ ಕೆಲಸದಿಂದ ಎಲುಬಿನಲ್ಲಿ ಇರುವುದು ಕ್ಯಾಲ್ಸಿಯಂ ಫಾಸ್ಫೇಟ್ ಎಂಬುದು ಸ್ಪಷ್ಟವಾಯಿತು. ವಯಸ್ಕ ಮನುಷ್ಯನ ದೇಹದಲ್ಲಿ ಸರಿಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ ಇದ್ದು, ಅದರ 99 ಶೇಕಡಾ ಭಾಗ ಎಲುಬು ಮತ್ತು ಹಲ್ಲುಗಳಲ್ಲಿಯೇ ಇರುತ್ತದೆ. ದೇಹದ ರಂಜಕದಲ್ಲಿ ಸುಮಾರು 85 ಶೇಕಡಾ ಅಲ್ಲಿಯೇ ಸಂಗ್ರಹವಾಗಿದೆ. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ನಡುವೆ ಅತಿ ಸೂಕ್ಷ್ಮವಾದ ಅಪಟೈಟ್ ಹರಳುಗಳು ಜೋಡಣೆಗೊಂಡಿರುವುದರಿಂದ ಎಲುಬಿಗೆ ಗಡಸುತನದ ಜೊತೆಗೆ ಬಾಗುವ ಶಕ್ತಿಯೂ ಬಂದಿದೆ. ಈ ಸಂಗ್ರಹ ಜಡವಾದುದಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಸ್ರವಿಸುವ ಹಾರ್ಮೋನಿನ ಪ್ರಭಾವದಿಂದ ಎಲುಬಿನ ಕೆಲವು ಜೀವಕೋಶಗಳು ಆಮ್ಲವನ್ನು ಸುರಿಸಿ ಖನಿಜವನ್ನು ಕರಗಿಸುತ್ತವೆ, ಮತ್ತೆ ಕೆಲವು ಜೀವಕೋಶಗಳು ಹೊಸ ಎಲುಬನ್ನು ಕಟ್ಟುತ್ತವೆ.

ಹಲ್ಲಿನ ಹೊರಕವಚವಾದ ಎನಾಮೆಲ್‌ನ ತೂಕದಲ್ಲಿ ಸುಮಾರು 96 ಶೇಕಡಾ ಖನಿಜವೇ ಆಗಿದ್ದು, ದೇಹದಲ್ಲಿ ಅದಕ್ಕಿಂತ ಗಡುಸಾದ ವಸ್ತು ಬೇರೊಂದಿಲ್ಲ. ಆದರೆ ಬಾಯಿಯಲ್ಲಿ ಉಳಿದ ಸಕ್ಕರೆಯನ್ನು ತಿಂದ ಬ್ಯಾಕ್ಟೀರಿಯಾಗಳು ಆಮ್ಲವನ್ನು ಉಂಟುಮಾಡಿ, ಆಮ್ಲೀಯತೆಯ ಅಳತೆಯಾದ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಆ ಕವಚವೂ ಕರಗುತ್ತದೆ, ಹುಳುಕು ಆರಂಭವಾಗುತ್ತದೆ. ಅಲ್ಪ ಪ್ರಮಾಣದ ಫ್ಲೋರೈಡ್ ಹೈಡ್ರಾಕ್ಸಿಲ್‌ನ ಜಾಗದಲ್ಲಿ ಸೇರಿದರೆ ಹರಳು ಆಮ್ಲಕ್ಕೆ ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ಮಿತಿಮೀರಿದ ಫ್ಲೋರೈಡ್ ಮಾತ್ರ ಹಾನಿಕರ: ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಯಚೂರು ಮೊದಲಾದ ಜಿಲ್ಲೆಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿರುವುದರಿಂದ ಅಲ್ಲಿ ಹಲ್ಲು ಕಲೆಗಟ್ಟುವ, ಕೀಲು ಬಿಗಿಯುವ ಫ್ಲೋರೋಸಿಸ್ ಜನರನ್ನು ಕಾಡುತ್ತಿದೆ.

ಹಾಲಿನಲ್ಲಿ ಈ ಸಂಯುಕ್ತದ ಇರವು ಇನ್ನೊಂದು ಬಗೆಯದು. ಬರಿಯ ನೀರಿನಲ್ಲಾದರೆ ತಳಕ್ಕಿಳಿಯಬೇಕಾಗಿದ್ದ ಕ್ಯಾಲ್ಸಿಯಂ ಫಾಸ್ಫೇಟನ್ನು ಕೇಸಿನ್ ಎಂಬ ಪ್ರೋಟೀನು ಸೂಕ್ಷ್ಮ ಗೋಲಗಳಲ್ಲಿ ಹಿಡಿದು ತೇಲಿಸುತ್ತದೆ. ಹಸುವಿನ ಹಾಲಿನ ಕ್ಯಾಲ್ಸಿಯಂನಲ್ಲಿ ಸುಮಾರು ಮೂರನೆಯ ಎರಡು ಪಾಲು ಹೀಗೆ ಗೋಲಗಳೊಳಗೇ ಇರುತ್ತದೆ. ಹೆಪ್ಪು ಹಾಕಿದಾಗ ಹುಟ್ಟುವ ಲ್ಯಾಕ್ಟಿಕ್ ಆಮ್ಲ ಈ ಖನಿಜವನ್ನು ಕರಗಿಸಿ ಹೊರತರುತ್ತದೆ, ಕೇಸಿನ್ ಗೋಲಗಳು ಒಂದಕ್ಕೊಂದು ಅಂಟಿಕೊಂಡು ಮೊಸರು ಗಟ್ಟಿಯಾಗುತ್ತದೆ.

ಭೂಮಿಯಲ್ಲಿ ಕ್ಯಾಲ್ಸಿಯಂ ಫಾಸ್ಫೇಟಿನ ಮುಖ್ಯ ಆಕರ ಶಿಲಾರಂಜಕ, ಅಂದರೆ ಅಪಟೈಟ್ ಹೇರಳವಾಗಿರುವ ಬಂಡೆ. ಪ್ರಾಚೀನ ಸಮುದ್ರಗಳ ತಳದಲ್ಲಿ ಲಕ್ಷಾಂತರ ವರ್ಷಗಳ ಕಾಲ ಜೀವಿಗಳ ಅವಶೇಷಗಳಿಂದ ಬಿಡುಗಡೆಯಾದ ಫಾಸ್ಫೇಟ್ ಶೇಖರಗೊಂಡು ಇದರ ಬಹುಪಾಲು ನಿಕ್ಷೇಪಗಳು ರೂಪುಗೊಂಡಿವೆ. ಜಗತ್ತಿನ ತಿಳಿದ ನಿಕ್ಷೇಪಗಳಲ್ಲಿ ಸುಮಾರು 70 ಶೇಕಡಾ ಮೊರಾಕ್ಕೊ ಮತ್ತು ಪಶ್ಚಿಮ ಸಹಾರಾ ಪ್ರದೇಶದಲ್ಲಿಯೇ ಇವೆ. ಭಾರತದಲ್ಲಿ 1968ರಲ್ಲಿ ರಾಜಸ್ಥಾನದ ಉದಯಪುರದ ಬಳಿಯ ಝಾಮರಕೋಟ್ರದಲ್ಲಿ ದೊಡ್ಡ ನಿಕ್ಷೇಪ ಪತ್ತೆಯಾಯಿತು; ಮಧ್ಯಪ್ರದೇಶದ ಝಾಬುವಾದಲ್ಲಿಯೂ ಶಿಲಾರಂಜಕ ದೊರೆಯುತ್ತದೆ. ಆದರೂ ದೇಶದ ಅಗತ್ಯದ ಹೆಚ್ಚಿನ ಪಾಲು ಮೊರಾಕ್ಕೊ, ಜೋರ್ಡಾನ್, ಈಜಿಪ್ಟ್ ಮುಂತಾದ ಕಡೆಗಳಿಂದ ಬರಬೇಕಾಗಿದೆ. ಪೆಸಿಫಿಕ್ ಸಾಗರದ ನೌರು ದ್ವೀಪದಲ್ಲಿ ಇಪ್ಪತ್ತನೆಯ ಶತಮಾನದುದ್ದಕ್ಕೂ ನಡೆದ ಫಾಸ್ಫೇಟ್ ಗಣಿಗಾರಿಕೆ ಅಲ್ಲಿನ ಒಳನಾಡಿನ ಬಹುಭಾಗವನ್ನು ಬೇಸಾಯಕ್ಕೂ ವಾಸಕ್ಕೂ ಒದಗದಂತೆ ಮಾಡಿದೆ.

ಬಂಡೆಯಲ್ಲಿರುವ ರಂಜಕವನ್ನು ಬೇರು ಹೀರಲಾರದು, ಏಕೆಂದರೆ ಅದು ಕರಗದು. ಈ ತೊಡಕನ್ನು ಬಿಡಿಸಿದವರು ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್. ಎಲುಬು ಮತ್ತು ಫಾಸ್ಫೇಟ್ ಖನಿಜಗಳಿಗೆ ಗಂಧಕಾಮ್ಲ ಬೆರೆಸಿ ಸೂಪರ್ ಫಾಸ್ಫೇಟ್ ಮಾಡುವ ವಿಧಾನಕ್ಕೆ ಅವರು 1842ರಲ್ಲಿ ಪೇಟೆಂಟ್ ಪಡೆದರು. ಆಮ್ಲವು ಬಂಡೆಯ ಕ್ಯಾಲ್ಸಿಯಂನ ಒಂದು ಭಾಗವನ್ನು ಜಿಪ್ಸಂ ಆಗಿ ಬೇರ್ಪಡಿಸುತ್ತದೆ, ಉಳಿದುದು ಕರಗುವ ಮಾನೋಕ್ಯಾಲ್ಸಿಯಂ ಫಾಸ್ಫೇಟ್ ಆಗುತ್ತದೆ. ರೈತರು ಎಸ್‌ಎಸ್‌ಪಿ ಎಂದು ಕರೆಯುವ ಗೊಬ್ಬರ ಇದೇ; ಅದರಲ್ಲಿ ರಂಜಕದ ಆಕ್ಸೈಡ್ (P₂O₅) ಲೆಕ್ಕದಲ್ಲಿ 16 ಶೇಕಡಾ ರಂಜಕಾಂಶದ ಜೊತೆಗೆ ಗಂಧಕ ಮತ್ತು ಕ್ಯಾಲ್ಸಿಯಂ ಕೂಡ ಬೆಳೆಗೆ ಸಿಗುತ್ತವೆ.

ಆದರೆ ಕರಗಿದ ಫಾಸ್ಫೇಟ್ ಮಣ್ಣಿನಲ್ಲಿ ಬಹುಕಾಲ ಹಾಗೆಯೇ ಉಳಿಯುವುದಿಲ್ಲ. ಮಲೆನಾಡು ಮತ್ತು ಕರಾವಳಿಯ ಹುಳಿಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಬಯಲುಸೀಮೆಯ ಸುಣ್ಣಯುಕ್ತ ಕಪ್ಪುಮಣ್ಣಿನಲ್ಲಿ ಅದು ಮತ್ತೆ ಕ್ಯಾಲ್ಸಿಯಂ ಜೊತೆ ಕೂಡಿ ಕರಗದ ರೂಪಕ್ಕೆ ಮರಳುತ್ತದೆ. ಆದ್ದರಿಂದ ಹಾಕಿದ ರಂಜಕದಲ್ಲಿ ಸಣ್ಣ ಪಾಲು ಮಾತ್ರ ಆ ವರ್ಷದ ಬೆಳೆಗೆ ದಕ್ಕುತ್ತದೆ. ಕಾಫಿ ತೋಟಗಳಂಥ ಹುಳಿಮಣ್ಣಿನ ನೆಲದಲ್ಲಿ ಮಣ್ಣಿನ ಆಮ್ಲವೇ ಕರಗಿಸುವ ಕೆಲಸ ಮಾಡುವುದರಿಂದ ಶಿಲಾರಂಜಕದ ಪುಡಿಯನ್ನು ನೇರವಾಗಿ ಬಳಸಬಹುದು. ಬ್ಯಾಸಿಲಸ್, ಸ್ಯೂಡೋಮೋನಾಸ್ ಜಾತಿಯ ಜೀವಾಣು ಗೊಬ್ಬರಗಳು ಸಾವಯವ ಆಮ್ಲಗಳನ್ನು ಸ್ರವಿಸಿ, ಕಟ್ಟಿಹೋದ ಫಾಸ್ಫೇಟನ್ನು ಬಿಡಿಸಲು ನೆರವಾಗುತ್ತವೆ.

ಉಳಿದ ಉಪಯೋಗಗಳೂ ಕರಗುವಿಕೆಯನ್ನೇ ಆಧರಿಸಿವೆ. ಮಾನೋಕ್ಯಾಲ್ಸಿಯಂ ಫಾಸ್ಫೇಟ್ ಬೇಕಿಂಗ್ ಪೌಡರಿನಲ್ಲಿ ಅಡುಗೆ ಸೋಡಾದೊಡನೆ ವರ್ತಿಸಿ ಹಿಟ್ಟನ್ನು ಉಬ್ಬಿಸುತ್ತದೆ. ಡಿಸಿಪಿ ಎಂದು ಹೆಸರಾದ ಡೈಕ್ಯಾಲ್ಸಿಯಂ ಫಾಸ್ಫೇಟ್ ಹಾಲು ಕರೆಯುವ ದನಗಳ ಖನಿಜ ಮಿಶ್ರಣದಲ್ಲಿಯೂ, ಮಾತ್ರೆಗಳಿಗೆ ಗಾತ್ರ ಕೊಡುವ ಪುಡಿಯಾಗಿಯೂ ಬಳಕೆಯಲ್ಲಿದೆ. ಕರಗದ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ ಆಹಾರಗಳು ಗಂಟುಕಟ್ಟದಂತೆ ತಡೆಯುತ್ತದೆ. ಶಸ್ತ್ರವೈದ್ಯರು ಸೊಂಟದ ಕೃತಕ ಕೀಲಿನ ಲೋಹಕ್ಕೆ ಹೈಡ್ರಾಕ್ಸಿಅಪಟೈಟ್ ಲೇಪ ಕೊಟ್ಟು ಬಳಸಿದರೆ ಎಲುಬು ಅದನ್ನು ತನ್ನದೇ ಎಂಬಂತೆ ಹಿಡಿದು ಬೆಳೆಯುತ್ತದೆ. ಎಲುಬಿನ ಬಿರುಕು ತುಂಬುವುದಕ್ಕೆ ನಿಧಾನವಾಗಿ ಕರಗಿ ಹೊಸ ಎಲುಬಿಗೆ ಜಾಗ ಬಿಡುವ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಸೂಕ್ತವಾಗಿದೆ.

ಇಂಧನಕ್ಕೆ ಬದಲಿ ಇಂಧನ ಹುಡುಕಬಹುದು, ಆದರೆ ಜೀವಕೋಶದ ವಂಶವಾಹಿ ವಸ್ತುವಿನಲ್ಲಿ ರಂಜಕದ ಸ್ಥಾನವನ್ನು ತುಂಬುವ ಬೇರೆ ಧಾತುವಿಲ್ಲ, ಮತ್ತು ಅದನ್ನು ಒದಗಿಸುವ ಬಂಡೆಗಳು ಮನುಷ್ಯರ ಕಾಲಮಾನದಲ್ಲಿ ಮತ್ತೆ ಹುಟ್ಟುವಂಥವಲ್ಲ. ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ರಂಜಕ ಗೊಬ್ಬರ ಹಾಕುವುದು, ಕೊಟ್ಟಿಗೆ ಗೊಬ್ಬರ ಮತ್ತು ಎಲುಬಿನ ಪುಡಿಯ ರೂಪದಲ್ಲಿ ನೆಲದಿಂದ ಪಡೆದುದನ್ನು ನೆಲಕ್ಕೆ ಹಿಂದಿರುಗಿಸುವುದು ಪ್ರತಿಯೊಬ್ಬ ಕೃಷಿಕನೂ ಕೈಗೊಳ್ಳಬೇಕಾದ, ಸರ್ಕಾರವೂ ಬೆಂಬಲಿಸಬೇಕಾದ ಕರ್ತವ್ಯವಾಗಿದೆ.