ಅರ್ಧಮಾನವರ ಲೆಕ್ಕ

ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿ 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ವಿಚಿತ್ರವಾದೊಂದು ಆಟ. ಆಟಗಾರನು ಒಂದು ಪಾತ್ರವನ್ನು ಕಲ್ಪಿಸಿಕೊಂಡು, ಅದರ ಪರವಾಗಿ ಮಾತನಾಡುತ್ತಾನೆ; ಸೋಲು ಗೆಲವುಗಳನ್ನು ದಾಳ ನಿರ್ಧರಿಸುತ್ತದೆ. ಪಾತ್ರವು ಮನುಷ್ಯನೇ ಆಗಬೇಕೆಂಬ ನಿಯಮವಿಲ್ಲ. 1978ರ ನಿಯಮಗ್ರಂಥದಲ್ಲಿ ‘ಅರ್ಧ ಎಲ್ಫ್’, ‘ಅರ್ಧ ಆರ್ಕ್’ ಎಂಬ ಎರಡು ಮಿಶ್ರಕುಲಗಳೂ ಸೇರಿದ್ದುವು. ಎಲ್ಫ್ ಎಂದರೆ ದೀರ್ಘಾಯುಷಿಯಾದ, ಚೆಲುವಾದ ವನವಾಸಿ. ಆರ್ಕ್ ಎಂದರೆ ಕುರೂಪಿಯೂ ಕ್ರೂರಿಯೂ ಆದ ಜೀವಿ. ಭೀಮ ಹಿಡಿಂಬೆಯರ ಮಗ ಘಟೋತ್ಕಚನನ್ನು ಬಲ್ಲ ನಮಗೆ ಇಂಥ ಸಂತಾನದ ಕಲ್ಪನೆ ಹೊಸದಲ್ಲ. ಅದರ ಗುಣಗಳನ್ನು ಅಂಕೆಗಳಲ್ಲಿ ಬರೆದಿಟ್ಟದ್ದು ಮಾತ್ರ ಹೊಸದು.

ಆ ಅಂಕೆಗಳನ್ನಷ್ಟು ನೋಡೋಣ. ನಿದ್ರಾಮಂತ್ರವನ್ನು ಎದುರಿಸುವ ಶಕ್ತಿ ಎಲ್ಫ್‌ಗೆ ಶೇಕಡಾ 90, ಅರ್ಧ ಎಲ್ಫ್‌ಗೆ 30. ಕತ್ತಲಲ್ಲಿ ಶಾಖಕಿರಣಗಳಿಂದ ಕಾಣುವ ದೃಷ್ಟಿ ಎಲ್ಫ್‌ಗೆ 60 ಅಡಿ. ಅರ್ಧ ಎಲ್ಫ್‌ಗೂ 60 ಅಡಿಯೇ. ಅರ್ಧ ಆರ್ಕ್‌ಗೆ ಬಲದಲ್ಲಿ 1, ದೇಹದಾರ್ಢ್ಯದಲ್ಲಿ 1 ಅಂಕ ಹೆಚ್ಚು. ಆಕರ್ಷಣೆಯಲ್ಲಿ 2 ಕಡಮೆ. ಹೆಸರಿನಲ್ಲಿರುವ ‘ಅರ್ಧ’ ಈ ಲೆಕ್ಕದಲ್ಲಿ ಎಲ್ಲಿಯೂ ಕಾಣದು!

ನಿಸರ್ಗದ ಲೆಕ್ಕ ಹೇಗಿದೆ? ಎರಡು ಬಣ್ಣಗಳು ಕಲೆತಂತೆ ತಂದೆತಾಯಿಗಳ ಗುಣಗಳು ಮಕ್ಕಳಲ್ಲಿ ಬೆರೆಯುವುವೆಂದು ಹಿಂದೆ ಹಲವರು ನಂಬಿದ್ದರು. 1866ರಲ್ಲಿ ಪ್ರಕಟವಾದ ಮೆಂಡೆಲನ ಪ್ರಯೋಗಗಳು ಬೇರೆಯದನ್ನೇ ತೋರಿಸಿದುವು. ಗುಂಡು ಬೀಜದ ಬಟಾಣಿಯನ್ನೂ ಸುಕ್ಕು ಬೀಜದ ಬಟಾಣಿಯನ್ನೂ ಸಂಕರಿಸಿದಾಗ ಅರೆಸುಕ್ಕಿನ ಬೀಜಗಳು ಬರಲಿಲ್ಲ, ಎಲ್ಲವೂ ಗುಂಡಾಗಿದ್ದುವು. ಮರುಪೀಳಿಗೆಯಲ್ಲಿ ಸುಮಾರು ಕಾಲುಭಾಗದಷ್ಟು ಬೀಜಗಳಲ್ಲಿ ಸುಕ್ಕು ಮರಳಿತು. ಮಗುವಿಗೆ ತಾಯಿಯಿಂದ 23, ತಂದೆಯಿಂದ 23 ವರ್ಣತಂತುಗಳು ಬರುವುದು ನಿಜ. ಆದರೆ ಪ್ರತಿ ಜೋಡಿಯಲ್ಲಿ ಯಾವುದು ಬರಬೇಕೆಂಬುದು ದಾಳದ ಆಟವೇ ಸರಿ. 2ನ್ನು 23 ಸಲ ಗುಣಿಸಿದರೆ 83 ಲಕ್ಷಕ್ಕೂ ಮೀರುತ್ತದೆ. ಒಬ್ಬರಿಂದಲೇ ಅಷ್ಟು ಬಗೆಯ ‘ಅರ್ಧ’ಗಳು ಸಾಧ್ಯ.

ಇನ್ನು, ಭಿನ್ನ ಜೀವಿಗಳ ಕೂಟದಿಂದ ಸಂತಾನವಾದೀತೆ? ಕುದುರೆಗೆ 64, ಕತ್ತೆಗೆ 62 ವರ್ಣತಂತುಗಳು, ಹೇಸರಗತ್ತೆಗೆ 63. ಇವು ಸರಿಯಾಗಿ ಜೊತೆಗೂಡಲಾರವಾದುದರಿಂದ ಹೇಸರಗತ್ತೆ ಸಾಮಾನ್ಯವಾಗಿ ಬಂಜೆ. ಮಾನವರ ಚರಿತ್ರೆ ಹಾಗಲ್ಲ. ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ದೊರೆತ ಪುಟ್ಟ ಎಲುಬಿನ ಚೂರೊಂದು ಸುಮಾರು 90,000 ವರ್ಷಗಳ ಹಿಂದಿನ ಬಾಲೆಯೊಬ್ಬಳದು. ಅವಳ ತಾಯಿ ನಿಯಾಂಡರ್ತಲ್, ತಂದೆ ಡೆನಿಸೋವನ್ ಎಂದು 2018ರಲ್ಲಿ ಪ್ರಕಟವಾಯಿತು. ಎರಡೂ ಈಗ ಅಳಿದುಹೋದ ಮಾನವವರ್ಗಗಳು. ತಂದೆಯ ಪೂರ್ವಜರಲ್ಲಿಯೂ ನಿಯಾಂಡರ್ತಲರಿದ್ದರು. ಎಂದರೆ, ಹಿಂದಿನ ಮಿಶ್ರಸಂತಾನ ಬಂಜೆಯಾಗಿರಲಿಲ್ಲ. ಆಫ್ರಿಕದ ಹೊರಗಿನ ಜನರಲ್ಲಿ, ಭಾರತೀಯರಲ್ಲಿಯೂ, ಇಂದಿಗೂ ಶೇಕಡಾ 1ರಿಂದ 2ರಷ್ಟು ನಿಯಾಂಡರ್ತಲ್ ಅಂಶವಿದೆ.

ಅರ್ಧ ಆರ್ಕ್ 1989ರ ಆಟಗಾರರ ಪುಸ್ತಕದಿಂದ ಹೊರಬಿದ್ದು 2000ದಲ್ಲಿ ಮರಳಿತು. 2024ರ ಪುಸ್ತಕದಲ್ಲಿ ಎರಡು ಅರ್ಧಕುಲಗಳೂ ಇಲ್ಲ. ‘ಜನಾಂಗ’ವೆಂಬುದರ ಬದಲು ‘ಪ್ರಭೇದ’ವೆಂಬರ್ಥದ ಶಬ್ದ ಬಂದಿದೆ. ಮೆಚ್ಚಿನ ಪಾತ್ರ ಕಾಣದೆ ಕೆಲವರಿಗೆ ಬೇಸರವಾದೀತು. ಆದರೆ ಭಿನ್ನ ಜನಾಂಗಗಳ ತಂದೆತಾಯಿಗಳಿಗೆ ಹುಟ್ಟಿದ ಮಕ್ಕಳನ್ನು ‘ಅರ್ಧ’ರೆಂದು ಹೀಗಳೆದು, ಅವರ ಬುದ್ಧಿ ಸ್ವಭಾವಗಳನ್ನು ರಕ್ತದ ಪಾಲಿನಿಂದ ಅಳೆದ ಕಾಲವೊಂದಿತ್ತೆಂಬುದನ್ನು ಮರೆಯಲಾಗದು. ಪೂರ್ವಜರನ್ನು ಭಿನ್ನರಾಶಿಯಲ್ಲಿ ಎಣಿಸಲು ವಿಜ್ಞಾನದ ಅಡ್ಡಿಯಿಲ್ಲ; ಹುಟ್ಟಿದ ವ್ಯಕ್ತಿಯನ್ನು ಹಾಗೆ ಎಣಿಸಲು ಅದರಲ್ಲಿ ಯಾವ ಆಧಾರವೂ ಇಲ್ಲ.